ಎಣ್ಣೆ, ಚೈನು ಮನೆಯಲ್ಲಿ. ಟ್ಯಾಪೆಟ್, ಇಂಜೆಕ್ಷನ್ ಮೆಕ್ಯಾನಿಕ್ ಕೈಲಿ

ಬೈಕ್ ಸರ್ವಿಸ್ ಮಾಡಿಸಿಕೊಂಡು ಬಂದ ಎರಡನೇ ದಿನವೇ ಗಾಡಿ ನಿಲ್ಲಿಸುವ ಜಾಗದಲ್ಲಿ ಅಂಗೈಯಗಲ ಎಣ್ಣೆ ಕಲೆ. ಬಗ್ಗಿ ನೋಡಿದರೆ ಎಂಜಿನ್ ಅಡಿಯಲ್ಲಿ, ಹಳೇ ಎಣ್ಣೆ ಇಳಿಸಲು ಬಿಚ್ಚುವ ಡ್ರೈನ್ ಬೋಲ್ಟಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಹಳೇ ವಾಷರನ್ನೇ ಹಾಕಿ, ಸೋರದಿರಲಿ ಎಂದು ಬೋಲ್ಟನ್ನು ಮಿತಿ ಮೀರಿ ಬಿಗಿ ಮಾಡಿದ್ದರು. ಎಂಜಿನ್ನಿನ ಅಲ್ಯೂಮಿನಿಯಂ ಕೇಸಿನ ಥ್ರೆಡ್ (ಬೋಲ್ಟ್ ಕೂರುವ ಸುರುಳಿ ಗೆರೆ) ಕಿತ್ತುಹೋಗಿತ್ತು. ಅದಕ್ಕೆ ಹೊಸ ಥ್ರೆಡ್ ಹಾಕಿಸಲು ಲೇತ್ ಅಂಗಡಿಗೆ ಅಲೆದದ್ದೇ ಎರಡು ದಿನ. ಬಿಲ್ಲಿನಲ್ಲಿ ಎಣ್ಣೆ, ಪಾಲಿಶ್, ‘ಕನ್ಸ್ಯೂಮಬಲ್ಸ್’ ಎಲ್ಲವೂ ಇದ್ದವು. ಲೇಬರ್ ಮೇಲೆ ಶೇ 18ರಷ್ಟು ಜಿಎಸ್‌ಟಿ ಬೇರೆ. ಅಂದಿನಿಂದ ಎಣ್ಣೆ ಬದಲಿಸುವ ಕೆಲಸವನ್ನು ಯಾರ ಕೈಗೂ ಕೊಟ್ಟಿಲ್ಲ.

ಹಾಗೆಂದು ಹೊಸ ಗಾಡಿ ಕೊಂಡವರು ನಾಳೆಯೇ ಸ್ಪ್ಯಾನರ್ ಹಿಡಿಯಬೇಡಿ. ವಾರಂಟಿ ಇರುವಷ್ಟು ದಿನ ಕಂಪನಿ ಹೇಳಿದ ಸರ್ವಿಸ್‌ಗಳನ್ನು ಅಧಿಕೃತ ಸೆಂಟರ್‌ನಲ್ಲೇ ಮಾಡಿಸಿ, ಬಿಲ್ ಜೋಪಾನವಾಗಿಡಿ. ಒಂದು ಸರ್ವಿಸ್ ತಪ್ಪಿದರೂ ಮುಂದೆ ಕ್ಲೇಮ್ ತಳ್ಳಿಹಾಕಲು ಅದೇ ಕಾರಣವಾಗಬಹುದು. ಉಚಿತ ಸರ್ವಿಸ್ ಎಂದರೆ ಸಾಮಾನ್ಯವಾಗಿ ಲೇಬರ್ ಮಾತ್ರ ಉಚಿತ, ಎಣ್ಣೆಗೆ ದುಡ್ಡು ಕೊಡಬೇಕು ಎಂಬುದೂ ನೆನಪಿರಲಿ. ಮುಂದೆ ಹೇಳುವುದು ವಾರಂಟಿ ಮುಗಿದ ಗಾಡಿಯ ವಿಷಯ. ಉದಾಹರಣೆಗೆ ಹೀರೊ ಸ್ಪ್ಲೆಂಡರ್ ಪ್ಲಸ್ ಹಿಡಿಯೋಣ. ನಮ್ಮ ಊರುಗಳಲ್ಲಿ ಬೀದಿಗೆ ಹತ್ತು ಸಿಗುವ ಗಾಡಿ, ನನ್ನದೂ ಅದೇ. ಬೇರೆ ಗಾಡಿಯವರು ತಮ್ಮ ಕೈಪಿಡಿಯ ಅಳತೆ ನೋಡಿಕೊಳ್ಳಿ.

ಬೇಕಾದ ಸಾಮಾನು ಕಡಿಮೆ: ಒಂದು ಸೆಟ್ ರಿಂಗ್ ಸ್ಪ್ಯಾನರ್, ಪ್ಲಗ್ ಸ್ಪ್ಯಾನರ್, ಸ್ಕ್ರೂ ಡ್ರೈವರ್, ಅಗಲ ಬಾಯಿಯ ಹಳೇ ಪಾತ್ರೆ, ಫನೆಲ್, ಹಳೇ ಬನಿಯನ್ ಬಟ್ಟೆ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ, ಜೆ.ಸಿ. ರಸ್ತೆ ಇವೆ, ಉಳಿದ ಊರುಗಳಲ್ಲಿ ದೊಡ್ಡ ಹಾರ್ಡ್‌ವೇರ್ ಅಂಗಡಿ ಸಾಕು. ಅಗ್ಗದ ಸ್ಪ್ಯಾನರ್ ಮಾತ್ರ ಬೇಡ. ಬಾಯಿ ಸಡಿಲವಿರುವ ಸ್ಪ್ಯಾನರ್ ಬೋಲ್ಟಿನ ಮೂಲೆಗಳನ್ನು ಸವೆಸಿ ದುಂಡಗೆ ಮಾಡುತ್ತದೆ. ಆಮೇಲೆ ಅದನ್ನು ಬಿಚ್ಚುವುದೇ ಒಂದು ಪಾಡು.

ಮೊದಲು ಎಣ್ಣೆ

ಸ್ಪ್ಲೆಂಡರಿಗೆ 10ಡಬ್ಲ್ಯೂ30 (ಎಣ್ಣೆಯ ಮಂದತೆಯ ದರ್ಜೆ) ಎಣ್ಣೆ, ಬದಲಿಸುವಾಗ ಎಷ್ಟು ಎಂಬುದನ್ನು ಕೈಪಿಡಿಯಲ್ಲಿ ನೋಡಿ. ಅಂಗಡಿಯಲ್ಲಿ 900 ಮಿ.ಲೀ. ಬಾಟಲಿ ಸಿಗುತ್ತದೆ. ಡಬ್ಬದ ಹಿಂದೆ ‘ಜಾಸೋ ಎಂಎ’ ಎಂದು ಇದೆಯೇ ನೋಡಿ, ಬೈಕ್ ಕ್ಲಚ್ಚಿಗೆ ಹೊಂದುವ ಎಣ್ಣೆಯ ಗುರುತು ಅದು. ಬೈಕಿನ ಕ್ಲಚ್ ಪ್ಲೇಟುಗಳು ಎಂಜಿನ್ ಎಣ್ಣೆಯಲ್ಲೇ ಮುಳುಗಿರುತ್ತವೆ. ಕಾರಿನ ಎಣ್ಣೆ ಉಳಿದಿದೆ ಎಂದು ಸುರಿದರೆ ಅದರ ಜಾರುವ ಗುಣಕ್ಕೆ ಕ್ಲಚ್ ಹಿಡಿತ ತಪ್ಪಬಹುದು. ಸ್ಕೂಟರಿನ ‘ಎಂಬಿ’ ಎಣ್ಣೆಯೂ ಇದಕ್ಕಲ್ಲ.

ಗಾಡಿಯನ್ನು ಐದು ನಿಮಿಷ ಓಡಿಸಿ ಬನ್ನಿ. ಬಿಸಿ ಎಣ್ಣೆ ಸರಾಗವಾಗಿ ಇಳಿಯುತ್ತದೆ. ಸಮತಟ್ಟು ಜಾಗದಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿ, ಬಲಬದಿಯಲ್ಲಿ ಎಣ್ಣೆ ಮಟ್ಟ ಅಳೆಯುವ ಕಡ್ಡಿಯಿರುವ ಡಿಪ್‌ಸ್ಟಿಕ್ ಮುಚ್ಚಳ ತೆಗೆಯಿರಿ. ಪಾತ್ರೆಯನ್ನು ಅಡಿಗಿಟ್ಟು 17ರ ರಿಂಗ್ ಸ್ಪ್ಯಾನರಿನಿಂದ ಡ್ರೈನ್ ಬೋಲ್ಟ್ ಬಿಚ್ಚಿ. ಹೊಸಬರು ಎಡವುವುದು ಇಲ್ಲೇ. ಬೋಲ್ಟಿನ ತಲೆ ನೆಲದ ಕಡೆಗಿರುವುದರಿಂದ ಮೇಲಿನಿಂದ ನೋಡುವವರಿಗೆ ದಿಕ್ಕು ತಿರುಗುಮುರುಗಾಗಿ ಕಾಣುತ್ತದೆ. ಬಿಚ್ಚುತ್ತಿದ್ದೇನೆ ಎಂದುಕೊಂಡು ಬಿಗಿ ಮಾಡುತ್ತಾರೆ. ಗಾಡಿಯ ಅಡಿಯಿಂದ ತಲೆಯೆತ್ತಿ ನೋಡುತ್ತಿರುವಂತೆ ಊಹಿಸಿಕೊಂಡು, ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿ.

ಹನಿ ನಿಂತ ಮೇಲೆ ಬೋಲ್ಟ್ ಒರೆಸಿ, ಹೊಸ ವಾಷರ್ ಹಾಕಿ. ಕೆಲವೇ ರೂಪಾಯಿಯ ಬಿಲ್ಲೆ, ನನ್ನ ಎಂಜಿನ್ ಹಾಳಾಗಿದ್ದೇ ಅದನ್ನು ಉಳಿಸಲು ಹೋಗಿ. ಮೊದಲ ಸುತ್ತುಗಳನ್ನು ಬೆರಳಲ್ಲೇ ತಿರುಗಿಸಿ. ಬೆರಳಿಗೆ ಹೋಗದಿದ್ದರೆ ಥ್ರೆಡ್ ಓರೆಯಾಗಿದೆ, ತೆಗೆದು ಮತ್ತೆ ಕೂರಿಸಿ. ಕೊನೆಗೆ ಸ್ಪ್ಯಾನರಿನಲ್ಲಿ ಗಟ್ಟಿಯಾಗುವಷ್ಟು ಸಾಕು, ಮೈಭಾರ ಹಾಕುವುದು ಬೇಡ. ಹೊಸ ಎಣ್ಣೆ ಹಾಕಿ ಮೂರು ನಿಮಿಷ ಎಂಜಿನ್ ನಡೆಸಿ, ಆರಿಸಿ, ಎರಡು ಮೂರು ನಿಮಿಷ ಬಿಟ್ಟು ಮಟ್ಟ ನೋಡಿ. ನೋಡುವಾಗ ಡಿಪ್‌ಸ್ಟಿಕ್ ಮುಚ್ಚಳವನ್ನು ತಿರುಗಿಸದೆ ಸುಮ್ಮನೆ ಒಳಗಿಡಬೇಕು. ಎರಡು ಗೆರೆಗಳ ನಡುವೆ ಎಣ್ಣೆ ಇದ್ದರೆ ಸರಿ.

ತೆಗೆದ ಎಣ್ಣೆಯನ್ನು ಚರಂಡಿಗೂ ಗಿಡದ ಬುಡಕ್ಕೂ ಸುರಿಯಬೇಡಿ. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಬಾಟಲಿಗೆ ತುಂಬಿ, ಹಳೇ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ಚೈನು, ಜೊತೆಗೆ ಹಿಂದಿನ ಬ್ರೇಕು

ಮಳೆಗಾಲದಲ್ಲಿ ಮಲೆನಾಡು, ಕರಾವಳಿಯ ರಸ್ತೆಯಲ್ಲಿ ಓಡುವ ಗಾಡಿಗೆ ಚೈನಿನ ಆರೈಕೆ ಎಣ್ಣೆಯಷ್ಟೇ ಮುಖ್ಯ. ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ ಆಫ್ ಮಾಡಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ. ಎಂಜಿನ್ ಓಡುತ್ತಿರುವಾಗ ಚೈನಿಗೆ ಬಟ್ಟೆ ಹಿಡಿಯಲೇಬೇಡಿ. ಬಟ್ಟೆಯ ಜೊತೆ ಬೆರಳೂ ಸ್ಪ್ರಾಕೆಟ್ಟಿನ ಹಲ್ಲಿಗೆ ಸಿಕ್ಕಿ ತುಂಡಾಗುತ್ತದೆ. ಸೀಮೆಎಣ್ಣೆಯಲ್ಲಿ ಕೊಳೆ ತೆಗೆದು, ಒಣಗಿಸಿ, 90ರ ಗೇರ್ ಎಣ್ಣೆಯನ್ನು ತೆಳುವಾಗಿ ಬಿಟ್ಟು, ಹೆಚ್ಚಾದದ್ದನ್ನು ಒರೆಸಿ. ಚೈನ್ ಕವರಿನ ರಬ್ಬರ್ ಬಿರಡೆ ತೆಗೆದು ಬೆರಳಲ್ಲಿ ಒತ್ತಿದರೆ ಸುಮಾರು 25 ಮಿ.ಮೀ. ಆಡಬೇಕು. ಚಕ್ರ ತಿರುಗಿಸುತ್ತ ಮೂರು ನಾಲ್ಕು ಕಡೆ ನೋಡಿ. ಅತಿ ಬಿಗಿ ಇರುವ ಜಾಗದ ಅಳತೆಯೇ ಲೆಕ್ಕ. ಸಡಿಲವಿದ್ದರೆ ಹಿಂದಿನ ಚಕ್ರದ ಅಚ್ಚಿನ ಆಕ್ಸಲ್ ನಟ್ ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟರನ್ನು ಒಂದೇ ಸಮ ತಿರುಗಿಸಿ, ಗುರುತಿನ ಗೆರೆಗಳನ್ನು ಸರಿದೂಗಿಸಿ, ಆಕ್ಸಲ್ ನಟ್ಟನ್ನು ಮತ್ತೆ ಬಿಗಿ ಮಾಡಿ.

ಇಷ್ಟಕ್ಕೇ ಎದ್ದು ಹೋಗಬೇಡಿ. ಚೈನ್ ಬಿಗಿ ಮಾಡಿದಾಗ ಚಕ್ರ ಹಿಂದಕ್ಕೆ ಸರಿಯುತ್ತದೆ, ಅದರೊಂದಿಗೆ ಬ್ರೇಕ್ ರಾಡೂ ಎಳೆದುಕೊಂಡು ಬಿಗಿಯಾಗುತ್ತದೆ. ಹಾಗೇ ಬಿಟ್ಟರೆ ಬ್ರೇಕ್ ಶೂ ಸದಾ ಉಜ್ಜುತ್ತ ಡ್ರಮ್ ಕಾಯುತ್ತದೆ, ಮೈಲೇಜ್ ಇಳಿಯುತ್ತದೆ. ರಾಡ್ ತುದಿಯ ನಟ್ ತಿರುಗಿಸಿ ಪೆಡಲ್ಲಿಗೆ 20–30 ಮಿ.ಮೀ. ಆಟ ಬಿಡಿ. ಬ್ರೇಕ್ ಒತ್ತಿದಾಗ ಡ್ರಮ್ಮಿನ ಮೇಲಿನ ಬಾಣದ ಗುರುತು ಕೊನೆಯ ಗೆರೆ ಮುಟ್ಟಿದರೆ ಶೂ ಸವೆದಿದೆ, ಬದಲಿಸಬೇಕು.

ಸ್ಪಾರ್ಕ್ ಪ್ಲಗ್ ಕೆಲಸ ಹತ್ತು ನಿಮಿಷದ್ದು. ಅಪ್ಪನ ಕಾಲದ ಟೂ ಸ್ಟ್ರೋಕ್ ಗಾಡಿಯಲ್ಲಿ ಪ್ಲಗ್ ಸ್ಪ್ಯಾನರ್ ಇಲ್ಲದೆ ಮನೆ ಬಿಡುತ್ತಿರಲಿಲ್ಲ. ಈಗ ಅಪರೂಪಕ್ಕೆ ತೆಗೆದರೂ ಸಾಕು. ಎಂಜಿನ್ ತಣಿದ ಮೇಲೆ ಬಿಚ್ಚಿ. ತುದಿ ತಿಳಿಗಂದು ಬಣ್ಣವಿದ್ದರೆ ಒಳ್ಳೆಯದು. ಒಣ ಮಸಿ ಕಂಡರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ, ಎಣ್ಣೆ ಜಿಡ್ಡಿದ್ದರೆ ಎಂಜಿನ್ ಒಳಗೆ ಸವೆತ ಶುರುವಾಗಿರಬಹುದು. ಏರ್ ಫಿಲ್ಟರ್ ವಿಷಯದಲ್ಲಿ ಒಂದೇ ಎಚ್ಚರಿಕೆ: ಎಣ್ಣೆ ಲೇಪವಿರುವ ಪೇಪರ್ ಫಿಲ್ಟರನ್ನು ಗಾಳಿ ಹೊಡೆದು ತೊಳೆಯುವಂತಿಲ್ಲ, ಬದಲಿಸುವುದೊಂದೇ ದಾರಿ.

ಇಲ್ಲಿ ಕೈ ಹಾಕಬೇಡಿ

ಟ್ಯಾಪೆಟ್, ಅಂದರೆ ಎಂಜಿನ್ ವಾಲ್ವಿನ ಸಂದು, ಹೊಂದಿಸಲು ಅದನ್ನು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ಬೇಕು, ಅದನ್ನು ಹಿಡಿದು ಪಳಗಿದ ಕೈಯೂ ಬೇಕು. ಡಿಸ್ಕ್ ಬ್ರೇಕಿನ ದ್ರವದಲ್ಲಿ ಗಾಳಿಯ ಗುಳ್ಳೆ ಉಳಿದರೆ ಲಿವರ್ ಒತ್ತಿದರೂ ಗಾಡಿ ನಿಲ್ಲದು. ಜೀವದ ಪ್ರಶ್ನೆಯಲ್ಲಿ ಪ್ರಯೋಗ ಬೇಡ. ಸ್ಪ್ಲೆಂಡರಿನಲ್ಲಿ ಎಣ್ಣೆ ಸೋಸುವ ಜಾಲರಿ ಕ್ಲಚ್ ಕವರಿನ ಒಳಗಿದೆ, ಅದನ್ನು ತೆರೆದರೆ ಹೊಸ ಗ್ಯಾಸ್ಕೆಟ್ ಬೇಕು. ಅದನ್ನೂ ಗ್ಯಾರೇಜಿಗೇ ಬಿಡಿ. 2020ರ ಏಪ್ರಿಲ್‌ನಲ್ಲಿ ಬಿಎಸ್‌6 ಹೊಗೆ ನಿಯಮ ಬಂದ ಮೇಲಿನ ಇಂಜೆಕ್ಷನ್ (ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ) ಗಾಡಿಗಳಲ್ಲಿ ಎಂಜಿನ್ ದೀಪ ಆರದೆ ಉರಿಯುತ್ತಿದ್ದರೆ ಸ್ಕ್ಯಾನರ್ ಇರುವ ಕಡೆಗೇ ಒಯ್ಯಬೇಕು. ಕಾರ್ಬುರೇಟರ್ ಕಾಲದಂತೆ ಸ್ಕ್ರೂ ತಿರುಗಿಸಿ ಸರಿಮಾಡುವ ಹಾಗಿಲ್ಲ.

ಹಾಗೆ ಒಯ್ಯುವಾಗ ‘ಜನರಲ್ ಸರ್ವಿಸ್ ಮಾಡಿ’ ಎನ್ನಬೇಡಿ. ‘ಎಣ್ಣೆ ನಾನೇ ಬದಲಿಸಿದ್ದೇನೆ, ಚೈನ್ ಸರಿ ಇದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟ್ಯಾಪೆಟ್ ಸದ್ದು ಬರುತ್ತದೆ, ಅದನ್ನಷ್ಟೇ ನೋಡಿ ಅಣ್ಣಾ’ ಎಂದು ಹೇಳಿ. ಪಾಲಿಶ್ ಬೇಡವಾದರೆ ಜಾಬ್ ಕಾರ್ಡ್ ಬರೆಯುವಾಗಲೇ ತಿಳಿಸಿ, ಬದಲಿಸಿದ ಹಳೇ ಪಾರ್ಟುಗಳನ್ನು ಕೇಳಿ ಪಡೆಯಿರಿ. ಹೊರಡುವ ಮುನ್ನ ಬಗ್ಗಿ ಡ್ರೈನ್ ಬೋಲ್ಟನ್ನು ಒಮ್ಮೆ ಮುಟ್ಟಿ ನೋಡಿ. ಬೆರಳಿಗೆ ಎಣ್ಣೆ ಹತ್ತಿದರೆ ಅಲ್ಲೇ, ಅವರ ಎದುರಿಗೇ, ಹೊಸ ವಾಷರ್ ಹಾಕಿಸಿ.