ಸಪ್ಲೈ ಚೈನ್ ಓದಲು ಹೊರಟವರು ಮೊದಲ ಎರಡು ವರ್ಷ ಯಾವ ಕೋರ್ಸ್ ತಗೋಬೇಕು?

ಅಮೆರಿಕಕ್ಕೆ ಹೊಸದಾಗಿ ಬಂದವರ ಮನೆಯಲ್ಲಿ ಮಗಳೋ ಮಗನೋ ಸಪ್ಲೈ ಚೈನ್ ಮ್ಯಾನೇಜ್‌ಮೆಂಟ್ (ಮಾಲು ಕೊಳ್ಳುವುದರಿಂದ ಗಿರಾಕಿಗೆ ತಲುಪಿಸುವವರೆಗಿನ ವ್ಯವಸ್ಥೆ ನೋಡಿಕೊಳ್ಳುವ ವಿಷಯ) ಓದ್ತೀನಿ ಅಂದರೆ, ಮಾತು ನೇರ ಯೂನಿವರ್ಸಿಟಿಯ ಹೆಸರಿಗೆ ಹೋಗುತ್ತದೆ. ಮಿಷಿಗನ್ ಸ್ಟೇಟ್, ಅರಿಜೋನಾ ಸ್ಟೇಟ್, ಪೆನ್ ಸ್ಟೇಟ್ ಈ ವಿಷಯಕ್ಕೆ ಹೆಸರಾದವು, ನಿಜ. ಆದರೆ ನನ್ನನ್ನು ಕೇಳಲು ಬಂದವರಿಗೆ ನಾನು ಮೊದಲು ಕೇಳುವುದು ಬೇರೆ: ಮೊದಲ ಸೆಮಿಸ್ಟರ್‌ನಲ್ಲಿ ಯಾವ ಗಣಿತ ತಗೋತಾರೆ?

ಇಲ್ಲಿ ಕಾಲೇಜಿನವರು ಸಿದ್ಧ ಟೈಮ್‌ಟೇಬಲ್ ಕೈಗೆ ಕೊಡುವುದಿಲ್ಲ. ಡಿಗ್ರಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು (ಕ್ರೆಡಿಟ್ ಅಂದರೆ ಒಂದು ಕೋರ್ಸಿನ ತೂಕದ ಅಳತೆ). ಒಂದು ಕೋರ್ಸಿಗೆ ಹೆಚ್ಚಾಗಿ 3 ಕ್ರೆಡಿಟ್, ಅಂದರೆ ಸೆಮಿಸ್ಟರಿಗೆ ಐದು ಕೋರ್ಸ್. ಯಾವುದು ಯಾವಾಗ ಅನ್ನುವುದನ್ನು ವಿದ್ಯಾರ್ಥಿಯೇ ಜೋಡಿಸಿಕೊಳ್ಳಬೇಕು. ಖರೀದಿ, ಲಾಜಿಸ್ಟಿಕ್ಸ್ (ಸರಕು ಸಾಗಣೆ), ದಾಸ್ತಾನು ಇವೆಲ್ಲ ಬರುವುದು ಹೆಚ್ಚಾಗಿ ಮೂರನೇ ವರ್ಷದಿಂದ. ಅದಕ್ಕೇ ಮೊದಲ ಎರಡು ವರ್ಷ ಹೇಗೋ ಕಳೆದರಾಯಿತು ಅಂತ ಅನ್ನಿಸಿಬಿಡುತ್ತದೆ. ಎಡವುವುದು ಅಲ್ಲೇ.

ಮೂರನೇ ವರ್ಷದ ಕೋರ್ಸುಗಳಿಗೆಲ್ಲ ಪ್ರಿರಿಕ್ವಿಸಿಟ್ ಇರುತ್ತದೆ, ಅಂದರೆ ಮೊದಲೇ ಪಾಸಾಗಿರಬೇಕಾದ ಕೋರ್ಸ್. ಅದನ್ನು ಕೊನೆಯಿಂದ ಹಿಂದಕ್ಕೆ ಓದಿ. ಸಪ್ಲೈ ಚೈನ್ ಕೋರ್ಸುಗಳಿಗೆ ಸಾಮಾನ್ಯವಾಗಿ ಆಪರೇಷನ್ಸ್ ಮ್ಯಾನೇಜ್‌ಮೆಂಟ್ (ಉತ್ಪಾದನೆ, ಸೇವೆ ನಡೆಸುವ ಕ್ರಮ) ಬೇಕು. ಅದಕ್ಕೆ ಸ್ಟಾಟಿಸ್ಟಿಕ್ಸ್ ಬೇಕು. ಸ್ಟಾಟಿಸ್ಟಿಕ್ಸಿಗೆ ಕಾಲೇಜ್ ಆಲ್ಜೀಬ್ರಾ, ಎಷ್ಟೋ ಕಡೆ ಬಿಸಿನೆಸ್ ಕ್ಯಾಲ್ಕುಲಸ್ ಕೂಡ ಬೇಕು. ಪ್ಲೇಸ್‌ಮೆಂಟ್ ಟೆಸ್ಟ್ (ಯಾವ ಮಟ್ಟದ ಗಣಿತದಿಂದ ಶುರು ಮಾಡಬೇಕು ಅಂತ ತಿಳಿಯಲು ಕಾಲೇಜು ಇಡುವ ಪರೀಕ್ಷೆ) ನಿಮ್ಮ ಹುಡುಗನನ್ನು ಆಲ್ಜೀಬ್ರಾದಲ್ಲಿ ಕೂರಿಸಿತು ಅಂತಿಟ್ಟುಕೊಳ್ಳಿ. ಮೊದಲ ಫಾಲ್‌ನಲ್ಲಿ (ವರ್ಷದ ಮೊದಲ ಸೆಮಿಸ್ಟರ್) ಆಲ್ಜೀಬ್ರಾ, ಸ್ಪ್ರಿಂಗ್‌ನಲ್ಲಿ (ಎರಡನೇ ಸೆಮಿಸ್ಟರ್) ಕ್ಯಾಲ್ಕುಲಸ್, ಎರಡನೇ ಫಾಲ್‌ನಲ್ಲಿ ಸ್ಟಾಟಿಸ್ಟಿಕ್ಸ್, ಆಮೇಲೆ ಆಪರೇಷನ್ಸ್. ನಾಲ್ಕು ಸೆಮಿಸ್ಟರ್ ಅಲ್ಲಿಗೇ ಮುಗಿಯಿತು. ನಡುವೆ ಒಂದು ಜಾರಿದರೂ ಮುಂದಿನದೆಲ್ಲ ಜಾರುತ್ತದೆ. ಕೆಲವು ಕೋರ್ಸುಗಳು ಫಾಲ್‌ನಲ್ಲಿ ಮಾತ್ರ ಇರುತ್ತವೆ, ಆಗ ಒಂದು ವರ್ಷವೇ ಕಾಯಬೇಕು. ಆದ್ದರಿಂದ ಗಣಿತವನ್ನು ಮೊದಲ ಸೆಮಿಸ್ಟರ್‌ನಲ್ಲೇ ಶುರು ಮಾಡಿ. ಪ್ಲೇಸ್‌ಮೆಂಟ್ ಟೆಸ್ಟಿಗೆ ಸುಮ್ನೆ ಹೋಗಿ ಕೂರಬೇಡಿ, ಒಂದೆರಡು ವಾರ ಓದಿಕೊಂಡು ಹೋಗಿ.

ಸ್ಟಾಟಿಸ್ಟಿಕ್ಸ್‌ಗೆ ಇಷ್ಟು ಮಹತ್ವ ಯಾಕೆ ಅಂತ ಒಂದು ಉದಾಹರಣೆಯಲ್ಲಿ ನೋಡಿ. ಒಂದು ಗೋದಾಮಿನಿಂದ ದಿನಕ್ಕೆ ಸರಾಸರಿ 100 ಪೆಟ್ಟಿಗೆ ಮಾಲು ಹೋಗುತ್ತದೆ, ಸ್ಟಾಂಡರ್ಡ್ ಡೀವಿಯೇಷನ್ (ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಹೆಚ್ಚುಕಮ್ಮಿಯಾಗುತ್ತದೆ ಅನ್ನುವ ಅಳತೆ) 20. ಆರ್ಡರ್ ಹಾಕಿದ ಮೇಲೆ ಮಾಲು ಬರಲು 9 ದಿನ. ಆ 9 ದಿನಕ್ಕೆ ಸರಾಸರಿ 900 ಬೇಕು. ಆದರೆ ಅಷ್ಟೇ ಇದ್ದಾಗ ಆರ್ಡರ್ ಹಾಕಿದರೆ, ಸುಮಾರು ಅರ್ಧ ಸಲ ಹೊಸ ಮಾಲು ಬರುವ ಮೊದಲೇ ಖಾಲಿಯಾಗುತ್ತದೆ. ಒಂದು ದಿನದ ಬೇಡಿಕೆಗೂ ಇನ್ನೊಂದು ದಿನದ್ದಕ್ಕೂ ಸಂಬಂಧ ಇಲ್ಲದಿದ್ದರೆ, 20ನ್ನು 9ರ ವರ್ಗಮೂಲದಿಂದ ಗುಣಿಸಿದಾಗ 60 ಬರುತ್ತದೆ, ಅದು ಆ 9 ದಿನಗಳ ಹೆಚ್ಚುಕಮ್ಮಿ. ನೂರಕ್ಕೆ 95 ಸಲ ಮಾಲು ಸಾಲಬೇಕು ಅಂದರೆ ಅದನ್ನು ಸ್ಟಾಟಿಸ್ಟಿಕ್ಸ್ ಕೋಷ್ಟಕದಲ್ಲಿ 95ಕ್ಕೆ ಸಿಗುವ 1.65ರಿಂದ ಗುಣಿಸಿ: 99. ಇದೇ ಸೇಫ್ಟಿ ಸ್ಟಾಕ್, ಅಂದರೆ ಸಾಲದೆ ಹೋಗದಂತೆ ಇಟ್ಟುಕೊಳ್ಳುವ ಹೆಚ್ಚುವರಿ ಮಾಲು. ಹಾಗಾಗಿ ಮಾಲು 999ಕ್ಕೆ ಇಳಿದಾಗಲೇ ಆರ್ಡರ್ ಹೋಗಬೇಕು. ಈ ವರ್ಗಮೂಲ ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಹುಡುಗಿ ಮೂರನೇ ವರ್ಷದಲ್ಲಿ ಸೂತ್ರ ಬಾಯಿಪಾಠ ಮಾಡುತ್ತಾಳೆ. ಗೊತ್ತಿರುವವಳು, ಮಾಲು ಬರುವ ದಿನ ಕಡಿಮೆಯಾದರೆ ಎಷ್ಟು ಕಡಿಮೆ ದಾಸ್ತಾನು ಸಾಕು ಅಂತ ತಾನೇ ಲೆಕ್ಕ ಹಾಕುತ್ತಾಳೆ. ಇಂಟರ್ನ್‌ಶಿಪ್ ಇಂಟರ್‌ವ್ಯೂನಲ್ಲಿ ಈ ವ್ಯತ್ಯಾಸ ಬೇಗ ಕಾಣುತ್ತದೆ.

ಉಳಿದವು ಅಷ್ಟು ಕಷ್ಟವಲ್ಲ. ಮೈಕ್ರೋ ಮತ್ತು ಮ್ಯಾಕ್ರೋ ಎಕನಾಮಿಕ್ಸ್ ಮೊದಲ ವರ್ಷ. ಫೈನಾನ್ಷಿಯಲ್ ಅಕೌಂಟಿಂಗ್ ಆದಮೇಲೆ ಮ್ಯಾನೇಜೀರಿಯಲ್ ಅಕೌಂಟಿಂಗ್, ಎರಡನೇ ವರ್ಷ. ಇಂಗ್ಲಿಷ್ ಬರವಣಿಗೆಯ ಕೋರ್ಸನ್ನು ಮುಂದೆ ತಳ್ಳಬೇಡಿ. ಎಕ್ಸೆಲ್ ಎಷ್ಟು ಕಲಿತರೂ ಜಾಸ್ತಿ ಅಲ್ಲ.

ಮಕ್ಕಳು ಇನ್ನೂ ಹೈಸ್ಕೂಲಿನಲ್ಲಿದ್ದರೆ ನಿಮ್ಮ ಪುಣ್ಯ. ಎಪಿಯಲ್ಲಿ (ಹೈಸ್ಕೂಲಿನಲ್ಲೇ ಓದುವ ಕಾಲೇಜ್ ಮಟ್ಟದ ಕೋರ್ಸ್ ಮತ್ತು ಪರೀಕ್ಷೆ) ಸ್ಟಾಟಿಸ್ಟಿಕ್ಸ್, ಕ್ಯಾಲ್ಕುಲಸ್, ಎರಡು ಎಕನಾಮಿಕ್ಸ್ ಇವೆ. ಅಂಕ 1ರಿಂದ 5ರವರೆಗೆ. 3ಕ್ಕೆ ಕ್ರೆಡಿಟ್ ಕೊಡುವವರೂ ಇದ್ದಾರೆ, 4 ಅಥವಾ 5 ಬೇಕು ಅನ್ನುವವರೂ ಇದ್ದಾರೆ. ಹೈಸ್ಕೂಲಿನಲ್ಲಿದ್ದುಕೊಂಡೇ ಕಾಲೇಜ್ ಕೋರ್ಸ್ ತೆಗೆದುಕೊಳ್ಳುವ ಡ್ಯುಯಲ್ ಎನ್‌ರೋಲ್‌ಮೆಂಟ್ ಕೂಡ ಚೆನ್ನಾಗಿದೆ, ಆದರೆ ಆ ಗ್ರೇಡ್ ಕಾಲೇಜ್ ದಾಖಲೆಯಲ್ಲಿ ಉಳಿದುಬಿಡುತ್ತದೆ. ಓದುವ ತಯಾರಿ ಇದ್ದರೆ ಮಾತ್ರ ಸೇರಿಸಿ.

ಮೊದಲೆರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸ್ಥಳೀಯ ಕಾಲೇಜು) ಓದಿ ಆಮೇಲೆ ಯೂನಿವರ್ಸಿಟಿಗೆ ಹೋಗುವುದಕ್ಕೆ ನಮ್ಮವರು ಹಿಂಜರಿಯುತ್ತಾರೆ. ಹಿಂಜರಿಯಬೇಕಾಗಿಲ್ಲ, ಫೀಸು ಬಹಳ ಉಳಿಯುತ್ತದೆ. ಒಂದೇ ಎಚ್ಚರ: ಕ್ರೆಡಿಟ್ ವರ್ಗವಾಗುವುದು ಬೇರೆ, ಅದು ಡಿಗ್ರಿಗೆ ಬೇಕಾದ ಕೋರ್ಸಾಗಿ ಲೆಕ್ಕಕ್ಕೆ ಬರುವುದು ಬೇರೆ. ಆ ಕಾಲೇಜಿನ ಸ್ಟಾಟಿಸ್ಟಿಕ್ಸನ್ನು ಯೂನಿವರ್ಸಿಟಿ ಬರೀ ಎಲೆಕ್ಟಿವ್ (ಐಚ್ಛಿಕ ವಿಷಯ) ಅಂತ ತೆಗೆದುಕೊಂಡರೆ ಮತ್ತೆ ಓದಬೇಕಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿದ್ದರೆ ಅಸಿಸ್ಟ್ ವೆಬ್‌ಸೈಟಿನಲ್ಲಿ ಯಾವ ಕೋರ್ಸಿಗೆ ಯಾವುದು ಸಮ ಅಂತ ನೋಡಬಹುದು. ಬೇರೆ ರಾಜ್ಯಗಳಲ್ಲಿ ಯೂನಿವರ್ಸಿಟಿಯ ಟ್ರಾನ್ಸ್‌ಫರ್ ಅಡ್ವೈಸರನ್ನು ಕೇಳಿ, ಉತ್ತರವನ್ನು ಇಮೇಲಿನಲ್ಲೇ ಪಡೆಯಿರಿ. ಭಾರತದಲ್ಲಿ ಡಿಗ್ರಿ ಅರ್ಧ ಓದಿ ಬಂದವರು ಅಂಕಪಟ್ಟಿ ಜೊತೆಗೆ ಪ್ರತಿ ವಿಷಯದ ಸಿಲಬಸ್ಸನ್ನೂ ತರಿಸಿಟ್ಟುಕೊಳ್ಳಿ.

ಎಫ್-1 ವೀಸಾದವರಿಗೆ (ವಿದ್ಯಾರ್ಥಿ ವೀಸಾ) ಇನ್ನೊಂದಿಷ್ಟು ಲೆಕ್ಕ ಇದೆ. ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಇರಲೇಬೇಕು, ಅದರಲ್ಲಿ ಆನ್‌ಲೈನ್ ಕೋರ್ಸ್ ಒಂದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಕಷ್ಟವಾದ ಕೋರ್ಸನ್ನು ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಅಧಿಕಾರಿಯನ್ನು ಕೇಳದೆ ಬಿಟ್ಟು 12ಕ್ಕಿಂತ ಕೆಳಗಿಳಿದರೆ ವೀಸಾಕ್ಕೇ ತೊಂದರೆ. ವೀಸಾಕ್ಕಾಗಿ ಕಾಲೇಜು ಕೊಡುವ ಐ-20 ಪತ್ರದಲ್ಲಿ ಬರೆದಿರುವ ಸಿಐಪಿ ಕೋಡನ್ನೂ (ಓದುವ ವಿಷಯದ ಸಂಖ್ಯೆ) ನೋಡಿ. 52.0203 ಅಂದರೆ ಲಾಜಿಸ್ಟಿಕ್ಸ್, 52.1301 ಅಂದರೆ ಮ್ಯಾನೇಜ್‌ಮೆಂಟ್ ಸೈನ್ಸ್. ಡಿಗ್ರಿ ಮುಗಿದ ಮೇಲೆ ಓಪಿಟಿಯಲ್ಲಿ (ಓದಿದ ವಿಷಯದಲ್ಲಿ ಕೆಲಸ ಮಾಡಲು ಸಿಗುವ ಅನುಮತಿ) 24 ತಿಂಗಳು ಹೆಚ್ಚಿಗೆ ಸಿಗುವ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿ ಎರಡನೆಯದು ಇದೆ. ಇದನ್ನು ಸೇರುವ ಮೊದಲೇ ಕೇಳಬೇಕು.

ತಂದೆತಾಯಂದಿರಿಗೆ ಒಂದು ಮಾತು. ಫೆರ್ಪಾ ಕಾಯ್ದೆ ಪ್ರಕಾರ ಕಾಲೇಜ್ ಸೇರಿದ ಮೇಲೆ ದಾಖಲೆಯ ಹಕ್ಕು ವಿದ್ಯಾರ್ಥಿಯದು. ನೀವು ಫೋನ್ ಮಾಡಿದರೆ ಸಾಮಾನ್ಯವಾಗಿ ಗ್ರೇಡ್ ಹೇಳುವುದಿಲ್ಲ. ಹಾಗಾಗಿ ಮಗುವಿನ ಜೊತೆಗೇ ಕೂತು, ಎಂಟು ಸೆಮಿಸ್ಟರ್‌ಗಳನ್ನು ಒಂದು ಹಾಳೆಯಲ್ಲಿ ಬರೆದು, ಗಣಿತದ ಸಾಲನ್ನು ಮೊದಲು ತುಂಬಿಸಿ. ರಿಜಿಸ್ಟ್ರೇಷನ್ ತೆರೆಯುವ ಮೊದಲೇ ಆ ಹಾಳೆಯನ್ನು ಅಡ್ವೈಸರಿಗೆ ತೋರಿಸಲಿ. ತೆರೆದ ಮೇಲೆ ಅವರ ಅಪಾಯಿಂಟ್‌ಮೆಂಟೂ ಸಿಗುವುದು ಕಷ್ಟ, ಸ್ಟಾಟಿಸ್ಟಿಕ್ಸ್ ಕ್ಲಾಸಿನಲ್ಲಿ ಸೀಟೂ ಬೇಗ ತುಂಬುತ್ತದೆ.