ಸೀರೆಯ ಬಣ್ಣದಿಂದ ಕನ್ನಡಕದ ಫಿಲ್ಟರ್: ನನ್ನ ಅನುಭವ

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನನ್ನದೊಂದು ಚಿಕ್ಕ ಲೆನ್ಸ್ ವರ್ಕ್‌ಶಾಪ್ ಇದೆ. ನಮ್ಮ ಕಡೆಯ ಒಬ್ಬ ಟೀಚರ್‌ಗೆ ಮೈಗ್ರೇನ್. ಟ್ಯೂಬ್‌ಲೈಟ್ ಕೆಳಗೆ ಕೂತರೆ ತಲೆ ಸಿಡಿಯುತ್ತದೆ. ಹಾಗಂತ ಕಪ್ಪು ಕನ್ನಡಕ ಹಾಕಿಕೊಂಡು ಉತ್ತರಪತ್ರಿಕೆ ತಿದ್ದೋಕಾಗುತ್ತಾ? ಒಳಗಡೆ ದಿನವಿಡೀ ಕಪ್ಪು ಹಾಕಿದರೆ ಕಣ್ಣು ಕತ್ತಲಿಗೆ ಹೊಂದಿಕೊಂಡು ಬೆಳಕು ಇನ್ನೂ ಜಾಸ್ತಿ ಚುಚ್ಚುತ್ತದೆ.

ಎಫ್‌ಎಲ್-41 ಎಂಬ ಗುಲಾಬಿ ಛಾಯೆಯೊಂದಿದೆ. ಅದು 480 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ನೀಲಿ-ಹಸಿರು ಬೆಳಕನ್ನು ತಗ್ಗಿಸುತ್ತದೆ. ನಮ್ಮ ಕಣ್ಣಿನಲ್ಲಿ ಬೆಳಕನ್ನು ಗುರುತಿಸುವ ಮೆಲನೊಪ್ಸಿನ್ ಎಂಬ ವರ್ಣದ್ರವ್ಯ ಹೆಚ್ಚು ಹೀರೋದೂ ಈ ಬೆಳಕನ್ನೇ. 1991ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಮೈಗ್ರೇನ್ ಇದ್ದ ಮಕ್ಕಳಿಗೆ ಇದನ್ನು ಕೊಟ್ಟು ನೋಡಿದಾಗ ತಲೆನೋವು ಬರೋದು ಕಡಿಮೆಯಾಗಿತ್ತು. ಅದಕ್ಕೆ ಹತ್ತಿರದ ಛಾಯೆಯನ್ನು ನಾನೇ ಮಾಡೋಣ ಅಂತ ಹೊರಟೆ.

ಲೆನ್ಸು ಸಿಆರ್-39 ಎಂಬ ಪ್ಲಾಸ್ಟಿಕ್‌ನದು. ಎರಕ ಹೊಯ್ಯುವಾಗಲೇ ಬಣ್ಣ ಕಲಸಬಾರದಾ ಅಂತ ಎಲ್ಲರೂ ಕೇಳುತ್ತಾರೆ. ಆಗಲ್ಲ. ಅದು ಗಟ್ಟಿಯಾಗಲು ಪೆರಾಕ್ಸೈಡ್ ಎಂಬ ರಾಸಾಯನಿಕ ಬೇಕು, ಪೆರಾಕ್ಸೈಡ್ ಎಷ್ಟೋ ಬಣ್ಣಗಳನ್ನು ತಿಂದುಹಾಕುತ್ತದೆ. ಅದಕ್ಕೇ ಸಿದ್ಧ ಲೆನ್ಸನ್ನು 90ರಿಂದ 95 ಡಿಗ್ರಿ ಬಣ್ಣದ ನೀರಿನಲ್ಲಿ ಅದ್ದುವುದು. ಬಿಸಿಗೆ ಮೇಲ್ಪದರ ಸಡಿಲವಾಗಿ ಬಣ್ಣ ಒಳಗೆ ಇಳಿಯುತ್ತದೆ, ಆರಿದ ಮೇಲೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಣ್ಣ ಯಾವುದು ಗೊತ್ತಾ? ಪಾಲಿಯೆಸ್ಟರ್ ಸೀರೆಗೆ ಹಾಕುವ ಡಿಸ್ಪರ್ಸ್ ಡೈ. ಮುಂಬಯಿಯ ಮಸ್ಜಿದ್ ಬಂದರ್‌ನ ಅಂಗಡಿಗಳಲ್ಲಿ ಸಿಗುತ್ತದೆ. ನೀರು ಮಾತ್ರ ಡಿಸ್ಟಿಲ್ಡ್ ಇರಬೇಕು. ಟ್ಯಾಂಕರ್ ನೀರಿನಲ್ಲಿ ಬಣ್ಣ ಗಂಟುಕಟ್ಟಿ ಲೆನ್ಸಿನ ಮೇಲೆ ಚುಕ್ಕೆ ಬೀಳುತ್ತದೆ.

ಕಷ್ಟ ಇದ್ದದ್ದು ಬೆರಕೆಯಲ್ಲಿ. ಬಟ್ಟೆಯವರಿಗೆ ಕಣ್ಣಿಗೆ ಕಂಡ ಬಣ್ಣ ಸಾಕು, ನನಗೆ ಸ್ಪೆಕ್ಟ್ರೊಫೋಟೋಮೀಟರ್ (ಯಾವ ಬಣ್ಣದ ಬೆಳಕು ಲೆನ್ಸನ್ನು ಎಷ್ಟು ದಾಟುತ್ತದೆ ಅಂತ ಅಳೆಯುವ ಯಂತ್ರ) ಬರೆಯುವ ಗೆರೆ ಬೇಕು. ಒಂದೇ ಥರ ಗುಲಾಬಿ ಕಾಣುವ ಎರಡು ಲೆನ್ಸುಗಳ ಗೆರೆ ಪೂರ್ತಿ ಬೇರೆ ಇರಬಹುದು. ಕಿತ್ತಳೆ ಜಾಸ್ತಿಯಾದರೆ ಗೆರೆಯ ತಗ್ಗು, ಅಂದರೆ ಬೆಳಕು ಅತಿ ಕಡಿಮೆ ದಾಟುವ ಜಾಗ, 450 ನ್ಯಾನೋಮೀಟರ್ ಕಡೆ ಜಾರುತ್ತದೆ, ಕೆಂಪು ಜಾಸ್ತಿಯಾದರೆ 520 ದಾಟುತ್ತದೆ. ಚಿಟಿಕೆ ಚಿಟಿಕೆ ಸೇರಿಸಿ ನಡುವೆ ನಿಲ್ಲಿಸಬೇಕು. ಬಿಸಿಲಿಗೆ ಮಾಸುತ್ತದಾ ಅಂತ ನೋಡಲು ಲೆನ್ಸಿನ ಅರ್ಧಕ್ಕೆ ಫಾಯಿಲ್ ಸುತ್ತಿ ಟೆರೇಸಿನಲ್ಲಿ ಇಡುತ್ತೇನೆ. ಮುಂಬಯಿ ಮಳೆಗಾಲದಲ್ಲಿ ಈ ಪರೀಕ್ಷೆ ಬಂದ್! ಬಣ್ಣ ಹಾಕಿದ ಮಾತ್ರಕ್ಕೆ ಅತಿನೇರಳೆ ಕಿರಣ ನಿಲ್ಲುವುದಿಲ್ಲ, ಅದಕ್ಕೆ ಬೇರೆ ದ್ರಾವಣದಲ್ಲಿ ಅದ್ದಬೇಕು.

ಗೆರೆ ಸರಿಬಂತು. ಆದರೆ ಟೀಚರ್ ತಿದ್ದೋದು ಕೆಂಪು ಇಂಕಿನಲ್ಲಿ! ಗುಲಾಬಿ ಲೆನ್ಸಿನಲ್ಲಿ ಬಿಳಿ ಹಾಳೆಯೂ ಗುಲಾಬಿ, ಮೇಲಿನ ಕೆಂಪು ಗೀಟು ಮಂಕು. ಹಸಿರು ಪೆನ್ನು ಚೆನ್ನಾಗಿ ಕಾಣುತ್ತದೆ ಅಂದೆ. "ಅದು ಹೆಡ್‌ಮಾಸ್ಟರ್ ಬಣ್ಣ, ನಾನು ಮುಟ್ಟೋ ಹಾಗಿಲ್ಲ" ಅಂದರು. ಕೊನೆಗೆ ಛಾಯೆಯನ್ನೇ ತಿಳಿ ಮಾಡಿದೆ. ಟ್ಯೂಬ್‌ಲೈಟ್ ಈಗ ಸಹಿಸಬಹುದು ಅನ್ನುತ್ತಾರೆ. ಡಾಕ್ಟರ ಮಾತ್ರೆ ಮುಂದುವರಿದಿದೆ.

ಇದನ್ನು ನೋಡಿದವರೆಲ್ಲ ಈಗ ಕಂಪ್ಯೂಟರ್‌ಗೆ ನೀಲಿ ಬೆಳಕು ತಗ್ಗಿಸುವ ಬ್ಲೂ-ಕಟ್ ಲೆನ್ಸ್ ಕೇಳುತ್ತಾರೆ. ಅದರಿಂದ ಕಣ್ಣಿನ ಆಯಾಸ ಕಡಿಮೆಯಾಗೋದು ಅನುಮಾನ ಅಂತ ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆಯೇ ಹೇಳಿದೆ. ಅದನ್ನು ಹೇಳಿಯೇ ಹೇಳುತ್ತೇನೆ. ಆದರೂ ಬೇಕು ಅಂದರೆ ಮಾಡಿಕೊಡುತ್ತೇನೆ, ಅಂಗಡಿ ನಡೀಬೇಕಲ್ವಾ.