ಕೊಚ್ಚಿಯಲ್ಲಿ ವಿಮಾನ ಹತ್ತಿ, ಬ್ಯಾಂಕಾಕಿಗೆ ರೈಲು: ನನ್ನ ಅನುಭವ

ಮಲೇಷ್ಯಾ, ಥಾಯ್ಲೆಂಡ್ ಎರಡೂ ಸೇರಿ ಎರಡು ವಾರ, ನಲವತ್ತು ಸಾವಿರದೊಳಗೆ ಅಂದಾಗ ಕೊಡಗಿನ ನಮ್ಮ ಗೋಣಿಕೊಪ್ಪದಲ್ಲಿ ಯಾರೂ ನಂಬಲಿಲ್ಲ. ಏಜೆಂಟರು ವಾರಕ್ಕೇ ತಲೆಗೆ ಅರವತ್ತು ಕೇಳುತ್ತಾರೆ. ನನಗೆ ಎಲ್ಲ ಸೇರಿ ಮೂವತ್ತೆಂಟರ ಆಸುಪಾಸು ಆಯಿತು. ಹೋಗಿಬರುವ ವಿಮಾನ ಕ್ವಾಲಾಲಂಪುರಕ್ಕೆ ಮಾತ್ರ. ಗಡಿ ದಾಟುವುದು ರೈಲಿನಲ್ಲಿ. ಉಳಿತಾಯವೆಲ್ಲ ಅಲ್ಲೇ.

ಬೆಂಗಳೂರಿಗಿಂತ ಕೊಚ್ಚಿ ಅಗ್ಗ ಬಿತ್ತು, ಹೋಗಿಬರಲು ಹದಿನಾರು ಸಾವಿರದ ಹತ್ತಿರ. ವಿರಾಜಪೇಟೆಯಿಂದ ಮಾಕುಟ್ಟ ಇಳಿದು ಇರಿಟ್ಟಿ, ತಲಶ್ಶೇರಿ, ಅಲ್ಲಿಂದ ರೈಲಿನಲ್ಲಿ ಕೊಚ್ಚಿ ವಿಮಾನ ನಿಲ್ದಾಣದ ಹತ್ತಿರದ ಆಲುವಾ. ಮಳೆಗಾಲದಲ್ಲಿ ಘಾಟಿಯಲ್ಲಿ ಮಣ್ಣು ಜರಿದರೆ ರಸ್ತೆ ಬಂದ್, ಹಾಗಾಗಿ ಒಂದು ದಿನ ಮುಂಚೆಯೇ ಇಳಿದುಬಿಡಿ. ಅಗ್ಗದ ಟಿಕೆಟಿಗೆ ಕೈಚೀಲ ಏಳು ಕೆಜಿ ಮಾತ್ರ. ಲಗೇಜ್ ಕೊಂಡರೆ ಉಳಿಸಿದ್ದು ಅಲ್ಲೇ ಕರಗುತ್ತದೆ.

ಭಾರತೀಯರಿಗೆ ಥಾಯ್ಲೆಂಡ್ 2023ರ ನವೆಂಬರಿನಲ್ಲಿ, ಮಲೇಷ್ಯಾ ಡಿಸೆಂಬರಿನಲ್ಲಿ ವೀಸಾ ಕಡ್ಡಾಯವನ್ನು ಕೈಬಿಟ್ಟವು. ಈ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ಮಾಡುವ ಮೊದಲು ನೋಡಿಕೊಳ್ಳಿ. ಎರಡೂ ದೇಶಕ್ಕೆ ಆನ್‌ಲೈನ್ ಆಗಮನ ಅರ್ಜಿ ತುಂಬಬೇಕು, ಅದೂ ಕಾಲಿಡುವ ಮೂರು ದಿನದೊಳಗೆ. ಅದಕ್ಕೆ ಶುಲ್ಕವಿಲ್ಲ. ದುಡ್ಡು ಕೇಳುವ ಸೈಟು ಸರ್ಕಾರದ್ದಲ್ಲ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಕ್ವಾಲಾಲಂಪುರದಿಂದ ಗಡಿಯ ಪಡಾಂಗ್ ಬೆಸಾರ್‌ಗೆ ಇಟಿಎಸ್ ಎಂಬ ವೇಗದ ರೈಲಿದೆ. ಶಾಲಾ ರಜೆ ಬಂತೆಂದರೆ ಅದರ ಸೀಟೆಲ್ಲ ವಾರಗಳ ಮುಂಚೆಯೇ ಮಾರಾಟವಾಗಿಬಿಡುತ್ತದೆ. ಅದನ್ನು ನಂಬಿ ಕೂರಬೇಡಿ. ಬಸ್ಸಿನಲ್ಲಿ ಬಟರ್‌ವರ್ತ್‌ಗೆ ಬಂದು, ಫೆರಿ ಹತ್ತಿ ಪೆನಾಂಗ್ ದ್ವೀಪದಲ್ಲಿ ಎರಡು ರಾತ್ರಿ ಇದ್ದು, ಆಮೇಲೆ ಬಟರ್‌ವರ್ತ್‌ನಿಂದ ಕೊಮ್ಯೂಟರ್ ಎಂಬ ಲೋಕಲ್ ರೈಲು ಹಿಡಿಯಿರಿ. ಹನ್ನೊಂದೋ ಹನ್ನೆರಡೋ ರಿಂಗಿಟ್, ರಿಸರ್ವೇಶನ್ ಬೇಕಿಲ್ಲ, ಎರಡು ಗಂಟೆಯೊಳಗೆ ಗಡಿ. ಎರಡೂ ದೇಶದ ಇಮಿಗ್ರೇಷನ್ ಒಂದೇ ಸ್ಟೇಷನ್ನಿನಲ್ಲಿದೆ. ಮುದ್ರೆ ಒತ್ತಿಸಿಕೊಂಡು ದಕ್ಷಿಣ ಥಾಯ್ಲೆಂಡಿನ ಹಾಟ್ ಯಾಯ್‌ನ ಸಣ್ಣ ರೈಲು ಹತ್ತಿದರೆ ಐವತ್ತು ಬಾತ್, ಒಂದು ಗಂಟೆ ದಾರಿ. ದಿನಕ್ಕೆ ಎರಡೇ ಸಲ ಓಡುತ್ತದೆ. ಥಾಯ್ ಗಡಿಯಾರ ಮಲೇಷ್ಯಾದ್ದಕ್ಕಿಂತ ಒಂದು ಗಂಟೆ ಹಿಂದೆ. ಹೋಗುವಾಗ ಗಂಟೆ ಸಿಗುತ್ತದೆ, ಬರುವಾಗ ಕಳೆದುಕೊಳ್ಳುತ್ತೀರಿ. ಕೊಮ್ಯೂಟರ್ ತಪ್ಪುವುದು ಬರುವಾಗಲೇ. ಸುಂಗೈ ಕೊಲೊಕ್ ಕಡೆಯ ಗಡಿ ಬೇಡವೇ ಬೇಡ, ಆ ರೈಲು ಯಾಲಾ, ನಾರಾಥಿವಾತ್‌ನ ಗಲಭೆ ಸೀಮೆಯಲ್ಲಿ ಹಾಯುತ್ತದೆ.

ಹಾಟ್ ಯಾಯ್‌ನಿಂದ ಬ್ಯಾಂಕಾಕ್ ಒಂದು ರಾತ್ರಿಯ ದಾರಿ. ಸ್ಲೀಪರ್ ಎಂಟುನೂರರಿಂದ ಸಾವಿರ ಬಾತ್, ಒಂದು ರೂಮಿನ ಬಾಡಿಗೆ ಉಳಿಯಿತು. ಮೂರನೇ ದರ್ಜೆ ಅರ್ಧಕ್ಕೂ ಕಡಿಮೆ, ಆದರೆ ಹದಿನಾರು ಗಂಟೆ ಬೆಂಚಿನ ಮೇಲೆ ಕೂತು ಮರುದಿನ ಮಲಗಿ ಕಳೆದರೆ ಏನು ಬಂತು? ವಾರಾಂತ್ಯಕ್ಕೆ ಮಲೇಷ್ಯಾದವರು ಹಾಟ್ ಯಾಯ್‌ಗೆ ನುಗ್ಗುತ್ತಾರೆ, ಬಾಡಿಗೆ ಏರುತ್ತದೆ. ಸೋಮವಾರದಿಂದ ಗುರುವಾರದೊಳಗೆ ಬನ್ನಿ. ಮುನ್ನೂರು ಬಾತಿಗೆ ಒಳ್ಳೆಯ ಹಾಸಿಗೆ ಎಲ್ಲಿ ಸಿಗುತ್ತದೆ ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ಸಲ ನನಗೇ ಸಿಗಲಿಕ್ಕಿಲ್ಲ.

ಥಾಯ್ ಎಟಿಎಂಗಳು ಪ್ರತಿ ಸಲ 220 ಬಾತ್ ಅಥವಾ ಇನ್ನೂ ಹೆಚ್ಚು ಮುರಿದುಕೊಳ್ಳುತ್ತವೆ, ಆದ್ದರಿಂದ ಒಂದೇ ಸಲ ದೊಡ್ಡ ಮೊತ್ತ ತೆಗೆಯಿರಿ. ರೂಪಾಯಿ ಲೆಕ್ಕದಲ್ಲಿ ಕಡಿತ ಮಾಡಲೇ ಎಂದು ಯಂತ್ರ ಕೇಳಿದರೆ ಬೇಡ ಅನ್ನಿ. ಆ ದರವನ್ನು ಅವರೇ ಕಟ್ಟುತ್ತಾರೆ, ನೂರಕ್ಕೆ ನಾಲ್ಕೈದು ರೂಪಾಯಿ ಸುಮ್ಮನೆ ಹೋಗುತ್ತದೆ. ಕ್ವಾಲಾಲಂಪುರದ ಮಸ್ಜಿದ್ ಇಂಡಿಯಾ ರಸ್ತೆಯಲ್ಲಿ ರೂಪಾಯಿ ನೋಟು ಸಲೀಸಾಗಿ ಬದಲಾಗುತ್ತದೆ. ಉಳಿದ ರಿಂಗಿಟ್ಟನ್ನು ಹಾಟ್ ಯಾಯ್‌ನಲ್ಲಿ ಬಾತ್ ಮಾಡಿಸಿ.

ಊಟಕ್ಕೆ ದಿನಕ್ಕೆ ನಾನೂರು ರೂಪಾಯಿ ಸಾಕಾಯಿತು. ಅದರ ನಡುವೆ ಒಂದು ಪ್ರಯೋಗ. ಪೆನಾಂಗಿನ ಸಂತೆಯಲ್ಲಿ ಆಸಾಮ್ ಗೆಲುಗೋರ್ ಎಂಬ ಒಣಗಿಸಿದ ಹುಳಿಹಣ್ಣಿನ ಬಿಲ್ಲೆ ಮಾರುತ್ತಾರೆ. ಅದು ನಮ್ಮ ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿ ಮಾಡುವ ಹಣ್ಣಿನ ದಾಯಾದಿ, ಎರಡೂ ಗಾರ್ಸಿನಿಯಾ ಕುಲದವು. ಹಾಟ್ ಯಾಯ್‌ನ ಹಾಸ್ಟೆಲ್ ಅಡುಗೆಮನೆಯಲ್ಲಿ ಅರ್ಧ ಹಿಡಿ ಬಿಲ್ಲೆಯನ್ನು ಒಂದು ಲೋಟ ನೀರಿಗೆ ಹಾಕಿ ಕಾಲು ಭಾಗಕ್ಕೆ ಇಳಿಯುವ ತನಕ ಕುದಿಸಿ, ಮನೆಯಿಂದ ತಂದ ಹುರಿದ ಮಸಾಲೆ ಹಾಕಿ ಪಂದಿ ಕರಿ ಮಾಡಿದೆ. ಹುಳಿ ಸರಿಯಾಗಿ ಬಂತು, ಕಪ್ಪು ಬಣ್ಣ ಬರಲಿಲ್ಲ, ಆ ಮಂದವೂ ಇಲ್ಲ. ಕಾಚಂಪುಳಿ ಬೇಕೆಂದರೆ ನೂರು ಎಂಎಲ್‌ಗಿಂತ ಸಣ್ಣ ಬಾಟಲಿಯಲ್ಲಿ ಒಯ್ಯುವುದೇ ಸರಿ.

ತೋಟದವರಿಗೆ ಪುರುಸೊತ್ತು ಸೆಪ್ಟೆಂಬರ್ ಆರಂಭದ ಕೈಲ್ ಮುಹೂರ್ತ ಹಬ್ಬ ಕಳೆದು ಕಾಫಿ ಕೊಯ್ಲಿನ ಮುಂಚೆ. ಸೆಪ್ಟೆಂಬರ್ ಕೊನೆಯೊಳಗೆ ಹೊರಡಿ. ನವೆಂಬರ್-ಡಿಸೆಂಬರಿನ ಪುತ್ತರಿ ಹಬ್ಬದ ಹೊತ್ತಿಗೆ ಹಾಟ್ ಯಾಯ್‌ನಲ್ಲಿ ಜಡಿಮಳೆ. 2010ರಲ್ಲೂ 2025ರಲ್ಲೂ ಊರು ಮುಳುಗಿದ್ದು ನವೆಂಬರಿನಲ್ಲೇ.